ಹತ್ತು ಕಾಲುಬಳೆಗಳು

ಹಮ್ಮರ್‌ಫೆಸ್ಟ್ ಬಂದರು
4 ನವೆಂಬರ್ 1970

ತಂಗಿ ರಾವ್ನಾ,

ಈ ಚೀಲ ಇಷ್ಟು ಭಾರ ಯಾಕೆ ಎಂದು ಅಂಚೆ ಬಸ್ಸಿನವನು ಗೊಣಗಿದರೆ ಒಳಗೆ ಒಣಮೀನು ಇದೆ ಎಂದು ಹೇಳು. ಸುಳ್ಳಲ್ಲ, ಮೇಲೆ ಎರಡು ಮೀನು ಇಟ್ಟಿದ್ದೇನೆ. ಕೆಳಗಿರುವುದು ಕಬ್ಬಿಣ.

ಹೋದ ವಸಂತದಲ್ಲಿ ನಾನು ಬಂದಾಗ ನಿನ್ನ ಗಂಡ ಇಸ್ಸಾತ್ ಹೇಳಿದ್ದು ನೆನಪಿದೆಯಾ? "ಭಾವ, ಈ ಹಿಮಸ್ಕೂಟರ್ ಮಾಡಿದೋರು ಗುಡ್ಡ ಕಂಡೋರಲ್ಲ ಕಣೋ. ಓರೆಯಲ್ಲಿ ಅಡ್ಡ ಹೋದ್ರೆ ಮೆಟ್ಟುಹಲಗೆ ಮೇಲೆ ಕಾಲೇ ನಿಲ್ಲಲ್ಲ. ಬೆಣ್ಣೆ ಮೇಲೆ ನಿಂತಂಗಾಗುತ್ತೆ." ಅಂದಿನಿಂದ ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ಹಡಗಿಗೆ ಬೆಸುಗೆ ಹಾಕಿ ಉಳಿದ ಸರಳಿನ ತುಂಡುಗಳನ್ನು ಬಗ್ಗಿಸಿ ಒಂದು ಜೊತೆ ಬಳೆ ಮಾಡಿದ್ದೇನೆ. ಕೈಬಳೆಯಲ್ಲ, ಕಾಲುಬಳೆ. ಅರ್ಧಚಂದ್ರದ ಹಾಗಿದೆ. ಮೆಟ್ಟುಹಲಗೆಗೆ ನಟ್ಟು ಬಿಗಿದು, ಕಾಲಿನ ತುದಿಯನ್ನು ಅದರೊಳಗೆ ತೂರಿಸಿದರೆ ಸಾಕು.

ನೀನು ಹೊಲಿಯುವ ತುಪ್ಪಳದ ಬೂಟಿನ ತುದಿಯಲ್ಲಿ ಮೇಲಕ್ಕೆ ಬಾಗಿದ ಕೊಕ್ಕು ಇದೆಯಲ್ಲ, ಪೇಟೆಯವರು ಅದನ್ನು ಚೆಂದಕ್ಕೆ ಎಂದುಕೊಂಡಿದ್ದಾರೆ. ಹಿಮದ ಮೇಲೆ ಜಾರುವ ಸ್ಕೀ ಹಲಗೆಯ ತೊಗಲುಪಟ್ಟಿಯಿಂದ ಕಾಲು ಹಿಂದೆ ಜಾರದಿರಲಿ ಎಂದು ನಮ್ಮ ಸಾಮಿ ಜನರ ಅಜ್ಜಿಯರು ಇಟ್ಟ ಕೊಂಡಿ ಅದು. ಅವರ ಬುದ್ಧಿಯನ್ನೇ ನಾನು ಕಬ್ಬಿಣಕ್ಕೆ ಇಳಿಸಿದ್ದೇನೆ. ಕೊಕ್ಕು ಬಳೆಯ ಆಚೆ ದಾಟಿ ಕೂತಿತೆಂದರೆ ಕಾಲು ಅಲ್ಲೇ. ಹಿಮಸಾರಂಗಗಳ ಹಿಂಡು ಬಿಟ್ಟು ಬಂದು ಹದಿನಾಲ್ಕು ವರ್ಷವಾದರೂ ನಾನು ಏನನ್ನೂ ಮರೆತಿಲ್ಲ ಎಂದು ನಿಮ್ಮ ಜೊತೆ ಹಿಂಡು ಮೇಯಿಸುವ ಹಿರಿಯ ಮಿಕ್ಕೆಲ್‌ಗೆ ತಿಳಿಸು.

ಗುಡ್ಡ ಓರೆಯಾದರೇನು, ಹಿಮವು ಜಾರಿದರೇನು?
ಹಿಡಿದ ಕಾಲ ಬಿಡದು ಬಳೆ, ಬಿಡಿಸಬಲ್ಲಿರೇನು?

ಅಣ್ಣ,
ಹೈಕಾ


ಸುವೊಲೊಜಾವ್ರಿ
1 ಡಿಸೆಂಬರ್ 1970

ಅಣ್ಣನಿಗೆ,

ಮೀನು ತಿಂದೆವು, ಕಬ್ಬಿಣ ಹಾಕಿದೆವು. ಎರಡರಲ್ಲಿ ಇಸ್ಸಾತ್‌ಗೆ ರುಚಿಸಿದ್ದು ಕಬ್ಬಿಣವೇ. ಮೂರು ದಿನದಿಂದ ಎದುರು ಗುಡ್ಡದ ಓರೆಯಲ್ಲಿ ಕೆಲಸವಿಲ್ಲದಿದ್ದರೂ ಅಡ್ಡಡ್ಡ ಓಡಾಡುತ್ತಿದ್ದಾನೆ. ಒಂದು ಕಾಲು ಬಳೆಯಲ್ಲಿ ಸಿಕ್ಕಿಸಿ, ಇನ್ನೊಂದು ಮಂಡಿಯನ್ನು ಸೀಟಿಗೆ ಊರಿ, ಮೈಯೆಲ್ಲ ಗುಡ್ಡದ ಕಡೆ ವಾಲಿಸಿ ಹೋಗುತ್ತಾನೆ. ನೋಡಲು ನನಗೆ ಭಯ. "ಈಗ ಸ್ಕೂಟರ್ ಬೇರೆ ನಾನು ಬೇರೆ ಅಲ್ಲ ಕಣೇ" ಎನ್ನುತ್ತಾನೆ. "ಹಾಗಾದ್ರೆ ಇವತ್ತು ಊಟಕ್ಕೆ ಪೆಟ್ರೋಲ್ ಹಾಕ್ತೀನಿ" ಎಂದೆ.

ಮಿಕ್ಕೆಲ್ ಕಾಫಿ ನೆಪದಲ್ಲಿ ನೋಡಲು ಬಂದಿದ್ದ. ಕಾಫಿಗೆ ಹಾಕಿಕೊಂಡ ಗಿಣ್ಣಿನ ತುಂಡು ಮೆತ್ತಗಾಗುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ, "ನಿಮ್ಮಣ್ಣ ಹಿಂಡು ಬಿಟ್ಟು ಮೀನು ವಾಸ್ನೆಗೆ ಓಡಿಹೋದ ಅಂತ ನಾನು ಯಾವತ್ತಾದ್ರೂ ಅಂದಿದ್ನಾ?" ಎಂದ.

"ವರ್ಷಕ್ಕೆ ಎರಡು ಸಲ ಅಂತೀಯಲ್ಲ" ಎಂದೆ.

"ಈ ವರ್ಷ ಒಂದೇ ಸಲ ಅಂತೀನಿ. ನನಗೂ ಒಂದು ಜೊತೆ ಮಾಡ್ಸು."

ಅವನಲ್ಲದೆ ನಮ್ಮ ಹಿಂಡುಕೂಟದ ಇನ್ನು ಮೂರು ಮನೆಯವರೂ ಕೇಳಿದ್ದಾರೆ. ಒಟ್ಟು ನಾಲ್ಕು ಜೊತೆ. ಏಪ್ರಿಲ್‌ನಲ್ಲಿ ಹಿಂಡು ಕಡಲ ಕಡೆ ಇಳಿಯುವುದರೊಳಗೆ ಬಂದರೆ ಒಳ್ಳೆಯದು. ದಾರಿಯಲ್ಲಿ ಉದ್ದುದ್ದ ಓರೆಗಳಿವೆ, ನಿನಗೇ ಗೊತ್ತು.

ರಾವ್ನಾ


ಹಮ್ಮರ್‌ಫೆಸ್ಟ್ ಬಂದರು
6 ಜನವರಿ 1971

ತಂಗಿ,

ಮಿಕ್ಕೆಲ್ ಬಾಯಿಂದ ಹೊಗಳಿಕೆ ಬಂದದ್ದನ್ನು ಓದಿ ಪತ್ರವನ್ನು ಕೆಲಸದ ಶೆಡ್ಡಿನ ಗೋಡೆಗೆ ಅಂಟಿಸಿದ್ದೇನೆ. ಜೊತೆಗಾರರಿಗೆ ನಮ್ಮ ಭಾಷೆ ಬಾರದು. ಏನದು ಎಂದು ಕೇಳಿದವರಿಗೆ ಸರ್ಕಾರದ ಬಿರುದು ಎಂದಿದ್ದೇನೆ.

ಮೊದಲ ಜೊತೆಯ ಸರಳು ಬೆರಳಿನಷ್ಟು ದಪ್ಪವಿತ್ತು. ಈ ಸಲ ಹೆಬ್ಬೆರಳಿನಷ್ಟು. ಬಳೆಯ ಬಾಯಿಯನ್ನೂ ತುಸು ಚಿಕ್ಕದು ಮಾಡಿದ್ದೇನೆ, ಹಿಡಿತ ಇನ್ನೂ ಬಿಗಿ. ಬೆಸುಗೆ ಮುಗಿದು ಅರ ಹಾಕುವುದು ಬಾಕಿ.

ನಾಲ್ಕು ಜೊತೆ, ಎಂಟು ಬಳೆ, ಬಡಿದು ದಣಿದ ತೋಳು.
ಇನ್ನು ಬಿದ್ದರೆ ಬಿದ್ದವನದು, ನನ್ನದಲ್ಲ ಗೋಳು!

ಹೈಕಾ


ಸುವೊಲೊಜಾವ್ರಿ
20 ಫೆಬ್ರವರಿ 1971

ಅಣ್ಣನಿಗೆ,

ಇಸ್ಸಾತ್ ಆಸ್ಪತ್ರೆಯಲ್ಲಿ ಇದ್ದಾನೆ. ಈ ತಿಂಗಳ ಮೂರನೇ ತಾರೀಖು ಸ್ಕೂಟರ್ ಮಗುಚಿತು. ಬಲಗಾಲಿಗೆ ಪೆಟ್ಟಾಗಿದೆ. ಹಿಮ ಕೆಟ್ಟದಾಗಿತ್ತು, ಮೇಲೆ ಮೆತ್ತಗೆ, ಒಳಗೆ ಗಾಜಿನ ಹಾಗೆ.

ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ನೀನು ಬರುವುದು ಬೇಡ.

ಬಳೆಗಳನ್ನು ಈಗಲೇ ಕಳಿಸಬೇಡ. ಅಂಚೆ ಬಸ್ಸಿನ ದಾರಿ ಸರಿ ಇಲ್ಲ.

ರಾವ್ನಾ


ಹಮ್ಮರ್‌ಫೆಸ್ಟ್ ಬಂದರು
2 ಮಾರ್ಚ್ 1971

ತಂಗಿ,

ನಿನ್ನ ಪತ್ರ ಬರುವ ಎರಡು ದಿನ ಮೊದಲೇ ನಾಲ್ಕೂ ಜೊತೆಯನ್ನು ಮಿಕ್ಕೆಲ್ ಹೆಸರಿಗೆ ಕಳಿಸಿಯಾಗಿತ್ತು. ದಾರಿ ಸರಿ ಇಲ್ಲ ಎಂದು ಬರೆದಿದ್ದೀಯ, ಆದರೆ ನಿನ್ನ ಪತ್ರ ಐದೇ ದಿನಕ್ಕೆ ಬಂತು. ದಾರಿ ಕಬ್ಬಿಣಕ್ಕೆ ಮಾತ್ರ ಕೆಟ್ಟಿದೆಯೇ?

ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇಸ್ಸಾತ್ ಅಂದು ಕಾಲನ್ನು ಬಳೆಯಲ್ಲಿ ಇಟ್ಟಿರಲಿಲ್ಲ. ಇಟ್ಟಿದ್ದರೆ ಬೀಳುತ್ತಿರಲಿಲ್ಲ. ಮೊದಮೊದಲು ಉತ್ಸಾಹ, ಆಮೇಲೆ ಸೋಮಾರಿತನ, ಅವನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅಥವಾ ಚಳಿಗೆಂದು ಒಂದು ಗುಟುಕು ಹೆಚ್ಚು ಹಾಕಿದ್ದನೋ? ನೀನು ಮುಚ್ಚಿಡುತ್ತಿರುವುದು ಅದೇ ಇರಬೇಕು. ನಿನ್ನ ಪತ್ರದಲ್ಲಿ ಗಂಡನಿಗಿಂತ ಹಿಮದ ವಿಚಾರವೇ ಹೆಚ್ಚಿದೆ.

ಮಿಕ್ಕೆಲ್‌ಗಾದರೂ ಸರಿಯಾಗಿ ಹೇಳು: ಕೊಕ್ಕು ಪೂರ್ತಿ ಆಚೆ ದಾಟಬೇಕು. ಅರೆಬರೆ ಇಟ್ಟರೆ ಉಪಯೋಗವಿಲ್ಲ.

ಬಳೆಯನಿಟ್ಟೂ ಬಳಸದವಗೆ ಬಂದ ಫಲವೇ ಬೇನೆ.
ಮೂಳೆ ಕೂಡಿ ಎದ್ದ ಮೇಲೆ ಕಲಿವನೆಮ್ಮ ಜಾಣನೆ?

ಹೈಕಾ


ಸುವೊಲೊಜಾವ್ರಿ
11 ಮಾರ್ಚ್ 1971

ಅಣ್ಣನಿಗೆ,

ನಿನ್ನ ಪದ್ಯವನ್ನು ಇಸ್ಸಾತ್‌ಗೆ ಕಳಿಸಲಿಲ್ಲ.

ಅಂದು ಅವನ ಕಾಲು ಬಳೆಯಲ್ಲೇ ಇತ್ತು. ನೀನು ಹೇಳಿದ ಹಾಗೆ ಕೊಕ್ಕು ಪೂರ್ತಿ ಆಚೆ ದಾಟಿತ್ತು. ಓರೆಯಲ್ಲಿ ಹೋಗುವಾಗ ಕೆಳಗಿನ ಹಿಮ ಜರಿದು ಸ್ಕೂಟರ್ ಮಗುಚಿತು. ಎಡಮಂಡಿ ಸೀಟಿನ ಮೇಲಿತ್ತು, ಬಿಟ್ಟುಕೊಂಡಿತು. ಗುಡ್ಡದ ಕಡೆ ಹಾರಲು ಹೋದ. ಬಲಗಾಲು ಬರಲಿಲ್ಲ. ಸ್ಕೀಯಾದರೆ ಮನುಷ್ಯನ ಜೊತೆ ಉರುಳುತ್ತದೆ, ಪಟ್ಟಿ ತೊಗಲಿನದು, ಹರಿಯುತ್ತದೆ. ಇದು ಅವನನ್ನೇ ಎಳೆದುಕೊಂಡು ಉರುಳಿ, ಕೊನೆಗೆ ಕಾಲಿನ ಮೇಲೆ ಮಲಗಿತು. ಬೂಟನ್ನು ಕೊಯ್ದು ಕಾಲು ಬಿಡಿಸಿಕೊಳ್ಳೋಣವೆಂದರೆ ಸೊಂಟದ ಚೂರಿ ಮೈಯಡಿಗೆ ಸಿಕ್ಕಿಕೊಂಡಿತ್ತು. ಮಿಕ್ಕೆಲ್‌ಗೆ ಸಿಗುವ ಹೊತ್ತಿಗೆ ಐದು ಗಂಟೆ ಕಳೆದಿತ್ತು. ಚಳಿ ಸೊನ್ನೆಗಿಂತ ಮೂವತ್ತೆರಡು ಕೆಳಗೆ.

ಮೂಳೆ ಕೂಡುವುದಿಲ್ಲ, ಅಣ್ಣ. ಪಾದವೇ ಇಲ್ಲ. ಫೆಬ್ರವರಿ ಒಂಬತ್ತಕ್ಕೆ ಹರಡಿನ ಮೇಲಿಂದ ತೆಗೆದರು.

ಬರೆಯಬೇಡ ಎಂದವನು ಅವನೇ. "ನಿಮ್ಮಣ್ಣ ಪ್ರೀತಿಯಿಂದ ಮಾಡಿದ್ದು. ಪ್ರೀತಿಯಿಂದ ಕೊಟ್ಟಿದ್ದನ್ನ ವಾಪಸ್ ಮುಖಕ್ಕೆ ಎಸೀಬಾರ್ದು" ಎಂದ. ನಾನು ಸುಮ್ಮನಿದ್ದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಆ ಬೆಳಿಗ್ಗೆ ಅವನ ಬೂಟಿಗೆ ಬೆಚ್ಚಗಿರಲೆಂದು ಹುಲ್ಲು ತುಂಬಿ, ಬೂಟಿನ ಬಾಯಿ ಮುಚ್ಚುವಂತೆ ಹರಡಿನ ಸುತ್ತ ಕುಚ್ಚಿನ ಉಣ್ಣೆಪಟ್ಟಿ ಸುತ್ತಿದವಳು ನಾನು. ಹಿಮ ಒಳಗೆ ಹೋಗದಿರಲೆಂದು ಎಂದಿಗಿಂತ ಮೂರು ಸುತ್ತು ಹೆಚ್ಚು ಹಾಕಿ ಬಿಗಿದೆ. "ಏನೇ, ನಾನು ಓಡಿಹೋಗ್ತೀನಿ ಅಂತ ಕಟ್ಟಿಹಾಕ್ತಿದೀಯಾ?" ಎಂದು ನಕ್ಕ. ಕೊಕ್ಕು ನನ್ನದು, ಪಟ್ಟಿ ನನ್ನದು, ಬಿಗಿ ನನ್ನದು. ನಿನ್ನನ್ನು ಹೇಗೆ ಅನ್ನಲಿ?

ಇಷ್ಟೇ ಆಗಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆ. ಆದರೆ ನಿನ್ನ ಎಂಟು ಬಳೆಗಳು ಬಂದು, ನಾಲ್ಕು ಸ್ಕೂಟರುಗಳ ಮೇಲೆ ಕೂತಿವೆ. ಬಿಚ್ಚಿಹಾಕಿ ಎಂದು ಮನೆಮನೆಗೂ ಹೋಗಿ ಹೇಳಿದೆ. ಮಿಕ್ಕೆಲ್ ಮಜ್ಜೆಯ ಮೂಳೆ ಒಡೆಯುತ್ತಾ ಕೂತಿದ್ದ.

"ನಿನ್ನ ಗಂಡ ಬಿದ್ದ ಅಂತ ನಾನ್ಯಾಕಮ್ಮ ಬಿಚ್ಚಲಿ? ಅವನು ಹಿಮ ನೋಡ್ದೆ ಹೋದ."

"ನೀನೇ ಅಲ್ವಾ ಅವನನ್ನ ಎಳೆದಿದ್ದು? ಕಾಲು ಎಲ್ಲಿ ಸಿಕ್ಕಿತ್ತು ಅಂತ ನೋಡ್ಲಿಲ್ವಾ?"

"ಸ್ಕೂಟರ್ ಅಡಿ ಸಿಕ್ಕಿತ್ತು. ಅದರಡಿ ಏನಿತ್ತೋ ಯಾರು ನೋಡಿದ್ರು? ಹೋಗ್ಲಿ, ಮಾಡಿದವನೇ ತಪ್ಪು ಅನ್ಲಿ, ಆಗ ಬಿಚ್ತೀನಿ. ಹೆಂಗಸರ ಹೆದರಿಕೆಗೆಲ್ಲ ನಟ್ಟು ಬಿಚ್ಚೋಕಾಗುತ್ತಾ?"

ಏಪ್ರಿಲ್ ಇಪ್ಪತ್ತಕ್ಕೆ ಹಿಂಡು ಹೊರಡುತ್ತದೆ. ನಾಲ್ಕು ಮನೆ, ನಾಲ್ಕು ಬಲಗಾಲು, ನಾಲ್ಕು ಎಡಗಾಲು. ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ನೀನು ಬರೆಯಬೇಕು.

ರಾವ್ನಾ


ಹಮ್ಮರ್‌ಫೆಸ್ಟ್ ಬಂದರು
22 ಮಾರ್ಚ್ 1971

ರಾವ್ನಾ,

ಮಿಕ್ಕೆಲ್‌ಗೂ ಉಳಿದ ಮೂವರಿಗೂ ಬೇರೆ ಬೇರೆ ಪತ್ರ ಹಾಕಿದ್ದೇನೆ. ನಾಲ್ಕರಲ್ಲೂ ಮೊದಲ ಸಾಲು ಒಂದೇ: "ನಾನು ಮಾಡಿದ ಕಾಲುಬಳೆ ತಪ್ಪು. ಓದಿದ ಕೂಡಲೇ ಬಿಚ್ಚಿ." ಅದರ ಕೆಳಗೆ ಸಹಿ ಇದೆ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದೆ. ರಿಪೇರಿಗೆ ಬಂದಿದ್ದ ಒಂದು ಸ್ಕೂಟರಿಗೆ ಅಂಥದೇ ಬಳೆ ಹಾಕಿ, ಶೆಡ್ಡಿನ ಹಿಂದಿನ ಹಿಮದ ದಿಬ್ಬಕ್ಕೆ ಒಯ್ದೆ. ಇಬ್ಬರು ಜೊತೆಗಾರರು ಹಗ್ಗ ಹಿಡಿದು ಅದನ್ನು ನಿಧಾನವಾಗಿ ವಾಲಿಸಿದರು, ನಾನು ಮೇಲೆ ಕೂತಿದ್ದೆ. ಬಂದರಿನ ರಬ್ಬರು ಬೂಟು ಹಾಕಿದಾಗ ಕಾಲು ಬಂತು. ನೀನು ಹೊಲಿದು ಕೊಟ್ಟ ಕೊಕ್ಕಿನ ಬೂಟು ಹಾಕಿದಾಗ ಬರಲಿಲ್ಲ. ಅವರು ಹಗ್ಗ ಬಿಗಿಹಿಡಿಯದಿದ್ದರೆ ನನ್ನ ಕಾಲೂ ಹೋಗುತ್ತಿತ್ತು. ನವೆಂಬರಿನಲ್ಲಿ ನಾನು ಮೇಜಿನ ಮೇಲೆ ಬೂಟು ತೂರಿಸಿ ನೋಡಿದ್ದೆ. ಒಳಗೆ ಹೋಗುವುದನ್ನು ನೋಡಿದೆ, ಹೊರಗೆ ಬರುವುದನ್ನು ನೋಡಲಿಲ್ಲ.

ಬರಿದೇ ಬಿಚ್ಚಿದರೆ ಓರೆಯಲ್ಲಿ ಮತ್ತೆ ಕಾಲು ಜಾರಿ ಇನ್ನೊಂದು ರೀತಿಯಲ್ಲಿ ಬೀಳುತ್ತಾರೆ. ಆದ್ದರಿಂದ ಹೀಗೆ ಮಾಡಿಸು. ಬಳೆಯ ಹೊರಮಗ್ಗುಲನ್ನು ಬುಡದಲ್ಲಿ ಗರಗಸದಿಂದ ಕತ್ತರಿಸಲಿ. ಕತ್ತರಿಸಿದ ತುದಿಯನ್ನು ಕಾಯಿಸಿ ನಾಲ್ಕು ಬೆರಳು ಮೇಲೆತ್ತಿ ಹೊರಕ್ಕೆ ಬಗ್ಗಿಸಲಿ. ಆಗ ಅದು ಬಳೆಯಲ್ಲ, ಒಂದು ಕಡೆ ತೆರೆದ ಕೊಕ್ಕೆ. ಕಾಲು ಪಕ್ಕಕ್ಕೆ ಜಾರಿ ಹೊರಬರುತ್ತದೆ. ತುದಿಗೆ ಅರ ಹಾಕಿ ಗುಂಡಗೆ ಮಾಡಲಿ. ಒಳಗಡೆ, ಮುಂದುಗಡೆ, ಒಂದು ಬರ್ಚ್ ಮರದ ತುಂಡನ್ನು ಬಿಗಿಯಲಿ. ಬೂಟಿನ ತುದಿ ಎರಡು ಬೆರಳಿನಷ್ಟು ಮಾತ್ರ ಒಳಗೆ ಹೋಗಬೇಕು, ಕೊಕ್ಕು ಎಂದಿಗೂ ಆಚೆ ದಾಟಬಾರದು. ಮೆಟ್ಟುಹಲಗೆಗೆ ಹಳೆಯ ಟೈರಿನ ಒರಟು ಮೈ ಹೊಡೆಯಲಿ. ಹಿಡಿತ ಅದರಿಂದ ಬರಲಿ, ಕಬ್ಬಿಣದಿಂದಲ್ಲ.

ಅಳತೆಯ ಚಿತ್ರ ಇದರೊಳಗಿದೆ.

ಹೈಕಾ


ಸುವೊಲೊಜಾವ್ರಿ
3 ಏಪ್ರಿಲ್ 1971

ಅಣ್ಣನಿಗೆ,

ಎರಡು ಹಾಳೆ ಕಬ್ಬಿಣದ ಮಾತು, ಒಂದು ಹಾಳೆ ಚಿತ್ರ. ನಿನ್ನ ತಂಗಿಯ ಗಂಡ ಹೇಗಿದ್ದಾನೆ ಎಂದು ಕೇಳಲು ಒಂದು ಸಾಲಿನ ಜಾಗ ಸಿಗಲಿಲ್ಲವೇ?

ಕೇಳದಿದ್ದರೂ ಹೇಳುತ್ತೇನೆ. ಊರುಗೋಲು ಹಿಡಿದು ಹೋದ ವಾರ ಮನೆಗೆ ಬಂದ. ಬಂದ ಮಾರನೆಯ ದಿನವೇ ನಾಲ್ಕು ಮನೆಯವರನ್ನೂ ಸ್ಕೂಟರಿನ ಸಮೇತ ಅಂಗಳಕ್ಕೆ ಕರೆಸಿದ.

ಮಿಕ್ಕೆಲ್ ನಿನ್ನ ಪತ್ರ ಹಿಡಿದುಕೊಂಡೇ ಬಂದಿದ್ದ. "ನಾನು ಅರವತ್ತು ವರ್ಷ ಬದುಕಿದೀನಿ. ನನ್ನದು ತಪ್ಪು ಅಂತ ಬರೆದು, ಕೆಳಗೆ ಸಹಿ ಹಾಕಿದ ಗಂಡಸನ್ನ ಈಗಲೇ ನೋಡಿದ್ದು" ಎಂದ.

"ನೋಡಿದ್ಯಲ್ಲ, ಕಲಿ" ಎಂದಳು ಅವನ ಹೆಂಡತಿ.

ಅವನೇ ಮೊದಲು ಗರಗಸ ಹಿಡಿದ. ಎಂಟನ್ನೂ ಕತ್ತರಿಸಿ ಬಗ್ಗಿಸಿದರು. ನಮ್ಮವು ಎರಡನ್ನು ನಾನೇ ಕತ್ತರಿಸಿದೆ. ಆಮೇಲೆ ಇಸ್ಸಾತ್ ಒಬ್ಬೊಬ್ಬರನ್ನೇ ನಿಂತ ಸ್ಕೂಟರಿನ ಮೇಲೆ ಕೂರಿಸಿ, "ಕಾಲು ಇಡು" ಎಂದು ಹೇಳಿ, ಅವರು ಇನ್ನೊಂದು ಮಾತಾಡುವುದರೊಳಗೆ ಉಳಿದವರಿಂದ ಸ್ಕೂಟರನ್ನು ಹಿಮಕ್ಕೆ ಕೆಡವಿಸಿದ. ಮಿಕ್ಕೆಲ್ ಮುಖಾಡೆ ಬಿದ್ದು ಎದ್ದು, "ಹೇಳ್ಬಾರ್ದಾ ಮಾರಾಯ!" ಎಂದು ಕೂಗಿದ. "ಹಿಮ ನನಗೂ ಹೇಳ್ಲಿಲ್ಲ" ಎಂದ ಇಸ್ಸಾತ್. ಯಾರೂ ನಗಲಿಲ್ಲ. ಒಬ್ಬರ ಬೂಟು ಮಾತ್ರ ತಡೆಯಿತು. ಮರದ ತುಂಡನ್ನು ಇನ್ನಷ್ಟು ಹಿಂದಕ್ಕೆ ಬಿಗಿದು ಮತ್ತೆ ಕೆಡವಿದರು.

ಈಗ ನನ್ನದೊಂದು ಪ್ರಶ್ನೆ. ನೀನು ದಿಬ್ಬದಲ್ಲಿ ನೋಡಿದಾಗ ಬೂಟಿಗೆ ಪಟ್ಟಿ ಸುತ್ತಿದ್ದೆಯಾ? ಹೇಗೆ ಸುತ್ತಿದ್ದೆ? ಬಳೆಯ ವಿಚಾರ ಬೆರಳಿನ ಅಳತೆಗೆ ಬರೆದಿದ್ದೀಯ, ಪಟ್ಟಿಯ ವಿಚಾರ ಒಂದು ಅಕ್ಷರ ಇಲ್ಲ. ಮರೆಯುವ ಜಾಯಮಾನ ನಿನ್ನದಲ್ಲ. ಈ ಮನೆಗಳಲ್ಲಿ ದಿನಾ ಬೆಳಿಗ್ಗೆ ಪಟ್ಟಿ ಸುತ್ತುವವರು ಹೆಂಗಸರು. ನಮಗೆ ಗೊತ್ತಾಗಬೇಕು.

ರಾವ್ನಾ


ಹಮ್ಮರ್‌ಫೆಸ್ಟ್ ಬಂದರು
11 ಏಪ್ರಿಲ್ 1971

ರಾವ್ನಾ,

ನಿನ್ನ ಮಾರ್ಚ್ ಹನ್ನೊಂದರ ಪತ್ರ ಓದಿದ ದಿನವೇ ಆಸ್ಪತ್ರೆಗೆ ಇಸ್ಸಾತ್ ಹೆಸರಿಗೆ ಬರೆದಿದ್ದೆ. ಏನು ಬರೆದೆ ಎಂಬುದು ಅವನ ಹತ್ತಿರವೇ ಇರಲಿ. ಎರಡು ಸಾಲಿನ ಉತ್ತರ ಬಂತು: "ನನ್ನ ಕಾಲಿನ ಮಾತು ಸಾಕು. ಉಳಿದವರ ಕಾಲಿನ ಬಗ್ಗೆ ಬರಿ." ಅದಕ್ಕೇ ನಿನಗೆ ಬರೆದದ್ದರಲ್ಲಿ ಬರೀ ಕಬ್ಬಿಣ ತುಂಬಿತ್ತು. ಅವನು ನಿನಗೆ ಹೇಳಿರುತ್ತಾನೆ ಎಂದುಕೊಂಡಿದ್ದೆ. ಹೇಳದಿರುವುದರಲ್ಲಿ ನಾವೆಲ್ಲರೂ ಒಂದೇ ಮನೆಯವರು.

ಪಟ್ಟಿಯ ವಿಚಾರ ಮರೆತಿರಲಿಲ್ಲ. ಬರೆದಿದ್ದೆ, ಆ ಹಾಳೆಯನ್ನು ಒಲೆಗೆ ಹಾಕಿದೆ. ಈಗ ಮತ್ತೆ ಬರೆಯುತ್ತೇನೆ.

ಹಳೆಯ ಬಳೆ, ಸಡಿಲ ಪಟ್ಟಿ: ಹತ್ತು ಸಲ ಕೆಡವಿಸಿಕೊಂಡೆ. ಆರು ಸಲ ಬೂಟು ಸಿಕ್ಕಿಕೊಂಡರೂ ಪಾದ ಬೂಟಿನಿಂದ ಕಳಚಿ ಬಂತು. ಅದೇ ಬಳೆ, ನೀನು ಸುತ್ತುವ ಹಾಗೆ ಬಿಗಿ ಪಟ್ಟಿ: ಹತ್ತು ಸಲ. ಒಂದು ಸಲವೂ ಬರಲಿಲ್ಲ.

ಇದನ್ನು ನಿನ್ನಿಂದ ಮುಚ್ಚಿಟ್ಟರೆ ಒಳ್ಳೆಯ ಅಣ್ಣನಾಗುತ್ತೇನೆ ಎಂದುಕೊಂಡಿದ್ದೆ. ನೀನೂ ಹಾಗೇ ಅಂದುಕೊಂಡು ನನ್ನಿಂದ ಮುಚ್ಚಿಟ್ಟೆ, ಅಷ್ಟರಲ್ಲಿ ಎಂಟು ಬಳೆ ಬೆಟ್ಟ ಹತ್ತಿದವು. ಇನ್ನು ಆ ಆಟ ಬೇಡ.

ಇದನ್ನೂ ಓದು. ಬಳೆಯೇ ಇಲ್ಲದೆ, ನಿನ್ನ ಬಿಗಿ ಪಟ್ಟಿ ಸುತ್ತಿ ಹತ್ತು ಸಲ ಕೆಡವಿಸಿಕೊಂಡೆ. ಹತ್ತೂ ಸಲ ಕಾಲು ನನ್ನ ಜೊತೆಗೇ ಇತ್ತು. ನಮ್ಮ ಹೆಂಗಸರು ಎಷ್ಟೋ ಕಾಲದಿಂದ ಬಿಗಿಯಾಗಿಯೇ ಸುತ್ತಿದ್ದಾರೆ, ಅದರಿಂದ ಯಾರ ಕಾಲೂ ಹೋಗಿಲ್ಲ, ಚಳಿಗೆ ಮರಗಟ್ಟದೆ ಬೆರಳು ಉಳಿದಿವೆ. ಆ ಬಿಗಿಗೆ ಎದುರಾಗಿ ಕಬ್ಬಿಣ ತಂದಿಟ್ಟವನು ನಾನು. ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ವ್ಯತ್ಯಾಸ ಇಷ್ಟು. ಇದು ನಿನ್ನನ್ನು ಸಮಾಧಾನ ಮಾಡಲು ಬರೆದದ್ದಲ್ಲ, ಎಣಿಸಿ ಬರೆದದ್ದು.

ಕತ್ತರಿಸಿದ ಕೊಕ್ಕೆ, ಬಿಗಿ ಪಟ್ಟಿ: ಹತ್ತರಲ್ಲಿ ಒಂಬತ್ತು ಸಲ ಕಾಲು ಬಂತು. ಒಂದು ಸಲ ಪಟ್ಟಿಯ ತುದಿಯ ಕುಚ್ಚು ಕೊಕ್ಕೆಗೆ ಸುತ್ತಿಕೊಂಡಿತು. ಆದ್ದರಿಂದ ಬಿಗಿ ಇರಲಿ, ಕುಚ್ಚು ಹೊರಗೆ ಇರುವುದು ಬೇಡ. ಹೊರಡುವ ಮೊದಲು ಎಲ್ಲರದನ್ನೂ ನೋಡು. ಎಲ್ಲರದನ್ನೂ.

ಹೈಕಾ


ಕಡಲ ದಾರಿಯಲ್ಲಿ, ಮೂರನೆಯ ಬಿಡಾರ
24 ಏಪ್ರಿಲ್ 1971

ಅಣ್ಣನಿಗೆ,

ಅಂಚೆ ಒಯ್ಯುವವನು ಕಾಯುತ್ತಿದ್ದಾನೆ, ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಪತ್ರವನ್ನು ಎರಡು ದಿನ ಯಾರಿಗೂ ತೋರಿಸಲಿಲ್ಲ. ಮೂರನೆಯ ದಿನ ಇಸ್ಸಾತ್‌ಗೆ ಓದಿ ಹೇಳಿದೆ. ಅವನು, "ಆ ಬಿಗಿ ಇಲ್ದಿದ್ರೆ ಎಡಗಾಲಿನ ಬೆರಳೂ ಹೋಗ್ತಿತ್ತು" ಎಂದ. ನಿಜವೋ ಅಲ್ಲವೋ ಗೊತ್ತಿಲ್ಲ.

ಹೊರಡುವ ಬೆಳಿಗ್ಗೆ ಸೂಜಿದಾರ ಹಿಡಿದು ಮನೆಮನೆಗೂ ಹೋದೆ. ಪಟ್ಟಿ ಸುತ್ತಿದ ಮೇಲೆ ಕುಚ್ಚನ್ನೆಲ್ಲ ಒಳಕ್ಕೆ ಮಡಚಿ ನಾನೇ ಹೊಲಿದೆ. "ಕುಚ್ಚಿಲ್ಲದೆ ಹೋದ್ರೆ ಕಡಲ ಕಡೆಯೋರು ನನ್ನನ್ನ ಮಿಕ್ಕೆಲ್ ಅಂತ ಗುರ್ತೇ ಹಿಡಿಯಲ್ಲ" ಎಂದು ಮಿಕ್ಕೆಲ್ ಗೊಣಗಿದ. "ಬಾಯಿ ತೆಗಿ, ಹಿಡೀತಾರೆ" ಎಂದೆ.

ನಿನ್ನೆ ಮಧ್ಯಾಹ್ನ ಉದ್ದನೆಯ ಓರೆ ದಾಟುತ್ತಿದ್ದೆವು. ನಮ್ಮ ಸ್ಕೂಟರನ್ನು ಈಗ ನಾನೇ ಓಡಿಸುತ್ತೇನೆ. ಇಸ್ಸಾತ್ ಹಿಂದಿನ ಜಾರುಬಂಡಿಯಲ್ಲಿ, ಹಿಂಡನ್ನು ನೋಡುತ್ತಾ ಹಿಮ್ಮುಖವಾಗಿ ಕೂತಿದ್ದ. ಮಿಕ್ಕೆಲ್ ನಮಗಿಂತ ಮೇಲೆ, ಮುಂದೆ ಇದ್ದ. ಅವನ ಕೆಳಗಿನ ಹಿಮ ಜರಿಯಿತು. ಸ್ಕೂಟರ್ ಮಗುಚಿ, ಇನ್ನೊಮ್ಮೆ ಮಗುಚಿ, ನಮ್ಮ ಮುಂದೆಯೇ ಕಲ್ಲುಗಳ ಕಡೆ ಹೋಯಿತು. ಹಿಮದ ಪುಡಿ ಎದ್ದು ಏನೂ ಕಾಣಲಿಲ್ಲ. ನಾನು ಎಂಜಿನ್ ಆರಿಸಿದೆ.

ಹಿಂದಿದ್ದ ಇಸ್ಸಾತ್‌ಗೆ ಶಬ್ದದಿಂದಲೇ ತಿಳಿದಿತ್ತು. ತಿರುಗಿಯೂ ನೋಡಲಿಲ್ಲ. ಬಂಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಪುಡಿ ಕೆಳಗಿಳಿಯಿತು. ಓರೆಯ ಮೇಲೆ ಮಿಕ್ಕೆಲ್ ಎದ್ದು ನಿಂತು ಟೋಪಿ ಹುಡುಕುತ್ತಿದ್ದ.

"ಎಷ್ಟು ಕಾಲು?" ಎಂದ ಇಸ್ಸಾತ್.

"ಎರಡೂ" ಎಂದೆ.

ರಾವ್ನಾ